ಚಾಪ್ಲಿನ್ ಗುರುವಿನ ಊರಲ್ಲಿ ಸಂತೇಬೆನ್ನೂರಿನವನು!

ಚಾರ್ಲಿ ಚಾಪ್ಲಿನ್ ಗೊತ್ತಿಲ್ಲದ ಸಿನಿಮಾ ಹುಚ್ಚ ಯಾರಿದ್ದಾರೆ ಹೇಳಿ? ಸಣ್ಣ ಮೀಸೆ, ದೊಗಳೆ ಪ್ಯಾಂಟು, ಕೈಯಲ್ಲೊಂದು ಬೆತ್ತ... ನೋಡಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡವರೇ ನಾವೆಲ್ಲ. ಆದರೆ ಆ ಚಾಪ್ಲಿನ್‌ಗೂ ಒಬ್ಬ ಗುರು ಇದ್ದ ಅಂತ ಗೊತ್ತೇನು? ತನ್ನ ಫೋಟೋದ ಮೇಲೆ ‘ನೀವು ಗುರು, ನಾನು ಶಿಷ್ಯ’ ಎಂಬರ್ಥ ಬರುವಂತೆ ಬರೆದು ಸಹಿ ಹಾಕಿ, ಚಾಪ್ಲಿನ್ನೇ ಕೊಟ್ಟನಂತೆ ಆ ಮನುಷ್ಯನಿಗೆ. ಆ ಗುರು ಹುಟ್ಟಿದ್ದು ದ್ರಾಕ್ಷಿ ಬೆಳೆಯುವ ರೈತರ ಮನೆಯಲ್ಲಿ. ಮಲಗಿರುವುದೂ ಅದೇ ದ್ರಾಕ್ಷಿ ಸೀಮೆಯ ಮಣ್ಣಿನಲ್ಲಿ.

ಮಿತ್ರರೇ, ಆ ಮಣ್ಣು ಮುಟ್ಟಿ ಬಂದಿದ್ದೇನೆ!

‘ಎಲ್ಲಿಯ ಸಂತೇಬೆನ್ನೂರು, ಎಲ್ಲಿಯ ಫ್ರಾನ್ಸು, ರೀಲು ಬಿಡಬೇಡ ಮಾರಾಯ’ ಅಂತೀರಿ. ರೀಲಲ್ಲ ಸ್ವಾಮಿ, ರಿಯಲ್ಲು! ನಮ್ಮಕ್ಕನ ಮಗ ತುಲೂಸ್ ಎಂಬ ಊರಲ್ಲಿ ಕೆಲಸಕ್ಕಿದ್ದಾನೆ. ವಿಮಾನ ಕಟ್ಟುವ ಊರು ಅದು. ‘ಮಾಮಾ, ಜೀವಮಾನದಲ್ಲಿ ಒಂದ್ಸಲ ರಜೆ ಹಾಕಿ ಬಾ’ ಅಂತ ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅವನೇ ಟಿಕೆಟ್ ಕಳಿಸಿದ. ಹೋದೆ. ಎರಡು ದಿನ ಸುತ್ತಾಡಿಸಿ ಕೇಳಿದ: ‘ಇಲ್ಲಿಂದ ರೈಲಲ್ಲಿ ಎರಡು ಗಂಟೆ ಚಿಲ್ಲರೆ ಹೋದ್ರೆ ಬೋರ್ಡೋ ಅಂತ ಊರಿದೆ. ವೈನಿಗೆ ಜಗತ್ಪ್ರಸಿದ್ಧ. ಹೋಗೋಣ್ವಾ?’

ನಾನು ಕೂತಲ್ಲೇ ಕೂತೆ.

‘ಏನಂದೆ ಅಳಿಯ? ಬೋರ್ಡೋನಾ? ಅದು ಊರಾ?!’

ಊರಲ್ಲ, ಔಷಧಿ ಅಂದುಕೊಂಡಿದ್ದೆ!

ಅಡಿಕೆ ಸೀಮೆಯ ಹುಡುಗರಿಗೆ ನನ್ನ ಗಾಬರಿ ಅರ್ಥವಾಗುತ್ತೆ. ಮಿಕ್ಕವರಿಗೆ ಹೇಳುತ್ತೇನೆ ಕೇಳಿ.

ನಮ್ಮ ಚನ್ನಗಿರಿ ತಾಲ್ಲೂಕೆಂದರೆ ಅಡಿಕೆ, ಅಡಿಕೆಯೆಂದರೆ ಚನ್ನಗಿರಿ. ಮಲೆನಾಡಿನ ಕಡೆ ಮಳೆ ಹಿಡಿದರೆ ಅಡಿಕೆ ಗೊನೆಗೆ ಕೊಳೆರೋಗ ತಗಲುತ್ತೆ. ಕಾಯಿ ಕೊಳೆತು ಉದುರಿ ತೋಟದ ತುಂಬ ಹಾಸಿಬಿಡುತ್ತೆ. ನಮ್ಮ ಬಯಲು ಸೀಮೆಯಂಚಿನಲ್ಲಿ ಅಷ್ಟು ಕಾಟವಿಲ್ಲ. ಆದರೂ ಮಳೆ ಜೋರಾದ ವರ್ಷ ಅಪ್ಪನಿಗೆ ನಿದ್ದೆ ಇರುತ್ತಿರಲಿಲ್ಲ. ಅದಕ್ಕೆ ಮದ್ದು ಒಂದೇ... ‘ಬೋರ್ಡೋ’!

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತ ಬೇರೆ ಕಲಸಬೇಕು, ಸುಣ್ಣ ಬೇರೆ ಕಲಸಬೇಕು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತ ಕೋಲಿನಿಂದ ತಿರುಗಿಸುತ್ತಿರಬೇಕು. ಆಗ ಹುಟ್ಟುತ್ತೆ ನೋಡಿ ಒಂದು ನೀಲಿ... ಈಸ್ಟ್‌ಮನ್ ಕಲರ್ ಚಿತ್ರದ ಆಕಾಶ ಇದ್ದಹಾಗೆ! ಕೋಲು ತಿರುಗಿಸೋದು ನನ್ನ ಕೆಲಸ. ಕೊನೆಗೆ ಅಪ್ಪ ಕುಡುಗೋಲಿನ ಅಲಗನ್ನು ಅದರಲ್ಲಿ ಅದ್ದಿ ಎತ್ತಿ ನೋಡುತ್ತಿದ್ದ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹತ್ತದಿದ್ದರೆ ‘ಸರಿಯಾಗೈತೆ’ ಅನ್ನುತ್ತಿದ್ದ. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅಪ್ಪನಿಗೀಗ 84 ವರ್ಷ. ಜೀವಮಾನವೆಲ್ಲ ‘ಬೋರ್ಡೋ ಹೊಡೀಬೇಕು’, ‘ಬೋರ್ಡೋ ಕಲಸು’ ಅಂದವನಿಗೆ ಅದೊಂದು ಊರಿನ ಹೆಸರೆಂದು ಗೊತ್ತಿಲ್ಲ. ಪೇಪರು ಓದಿ ಸಿನಿಮಾ ಬರೆಯುವ ನನಗೇ ಗೊತ್ತಿರಲಿಲ್ಲ, ಇನ್ನು ಅವನಿಗೆಲ್ಲಿಂದ ಗೊತ್ತಾಗಬೇಕು?

ನೀರಿನ ಕನ್ನಡಿ

ರೈಲಿಳಿದು ಟ್ರಾಮ್ ಹತ್ತಿದೆವು. ಊರ ನಡುವೆ ಕಂಬವಿಲ್ಲ, ತಂತಿಯಿಲ್ಲ, ಟ್ರಾಮ್ ಮಾತ್ರ ಓಡುತ್ತೆ! 2003ರಲ್ಲಿ ಶುರುವಾದ ಈ ಟ್ರಾಮಿಗೆ ಹಳೆಯ ಬೀದಿಗಳಲ್ಲಿ ಕರೆಂಟು ಬರುವುದು ನೆಲದ ಹಳಿಯಿಂದ. ಹಳೆಯ ಕಟ್ಟಡಗಳ ಅಂದ ಕೆಡಬಾರದೆಂದು ಈ ಏರ್ಪಾಟು.

ಗರೋನ್ ನದಿ ಊರಿಗೆ ಬಂದು ಅರ್ಧಚಂದ್ರನ ಹಾಗೆ ಬಾಗುತ್ತೆ. ಅದಕ್ಕೇ ಈ ಊರಿಗೆ ‘ಚಂದ್ರನ ಬಂದರು’ ಎಂಬ ಅಡ್ಡಹೆಸರು. 2007ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 1822ರಲ್ಲಿ ಮುಗಿದ ಕಲ್ಲಿನ ಸೇತುವೆಗೆ 17 ಕಮಾನು. ನದಿ ದಂಡೆಯಲ್ಲಿ ಸಾಲಾಗಿ 18ನೇ ಶತಮಾನದ ಬೆಣ್ಣೆಬಣ್ಣದ ಕಲ್ಲಿನ ಮಹಲುಗಳು. ಇಂಥ ಸೆಟ್ಟು ಹಾಕಬೇಕೆಂದರೆ ನಮ್ಮ ನಿರ್ಮಾಪಕರು ಮನೆಮಠ ಮಾರಬೇಕು! ಆದರೆ ಆ ಮಹಲುಗಳ ದುಡ್ಡೆಲ್ಲ ವೈನಿನದಲ್ಲ. ಆಫ್ರಿಕದ ಜನರನ್ನು ಗುಲಾಮರಾಗಿ ಹಡಗಿಗೆ ತುಂಬಿದ ದುಡ್ಡೂ ಅದರಲ್ಲಿದೆ. ಊರಿನ ಮ್ಯೂಸಿಯಮ್ಮಿನಲ್ಲೇ ಅದನ್ನು ಬರೆದು ತೋರಿಸಿದ್ದಾರೆ.

1978ರಲ್ಲಿ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಬಂದಾಗ ನನಗೆ ಹತ್ತು ವರ್ಷ. ಪರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಅದು. ವಿಷ್ಣು, ದ್ವಾರಕೀಶ್ ಆ ದೊಡ್ಡ ಕಟ್ಟಡಗಳ ಮುಂದೆ ನಿಂತದ್ದು ನೋಡಿ, ಫಾರಿನ್ ಅಂದರೆ ಹೀಗೇ ಇರಬೇಕು, ನಮ್ಮೂರಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಬೋರ್ಡೋದಲ್ಲಿ ಆ ಲೆಕ್ಕ ತಪ್ಪಿತು. ಮಹಲುಗಳ ಎದುರಿಗೆ ‘ನೀರಿನ ಕನ್ನಡಿ’ ಅಂತ ಮಾಡಿದ್ದಾರೆ. ಕರಿಕಲ್ಲಿನ ದೊಡ್ಡ ಹಾಸು, ಅದರ ಮೇಲೆ ಎರಡೇ ಸೆಂಟಿಮೀಟರ್ ನೀರು. 2006ರಲ್ಲಿ ಕಟ್ಟಿದ್ದು. ಇಡೀ ಮಹಲು ತಲೆಕೆಳಗಾಗಿ ನೀರಿನಲ್ಲಿ ನಿಲ್ಲುತ್ತೆ. ಸಾವಿರಾರು ಜನ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ನಮ್ಮ ಹೊಂಡ ನೆನಪಾಗಿ ಗಂಟಲು ಕಟ್ಟಿತು.

ನಮ್ಮೂರಿನ ಪುಷ್ಕರಣಿ ನೋಡಿದ್ದೀರಾ? 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ಗೋಪುರದ ಹಾಗೆ ಎದ್ದು ನಿಂತ ವಸಂತ ಮಂಟಪ, ಮೂಲೆಗಳಲ್ಲಿ ಚಿಕ್ಕ ಮಂಟಪಗಳು. 17ನೇ ಶತಮಾನದಲ್ಲಿ ಬಿಜಾಪುರದ ದಂಡು ಬಂದು ಹೋದ ಮೇಲಿನ ಮುಸಾಫಿರ್‌ಖಾನೆ ಎದುರಿಗೇ ಇದೆ. ಎರಡನ್ನೂ ಕೇಂದ್ರದ ಪುರಾತತ್ವ ಇಲಾಖೆ ಕಾಯುತ್ತಿದೆ. ನೀರು ತುಂಬಿದ ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತು ನೋಡಿ. ಬೋರ್ಡೋದವರು ಎರಡು ಸೆಂಟಿಮೀಟರ್ ನೀರಲ್ಲಿ ಈಗ ಮಾಡಿದ್ದನ್ನು ನಮ್ಮ ನಾಯಕರು ನಾನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾರೆ!

ಇನ್ನೊಂದು ಮಾತು, ಸಿನಿಮಾದವರಿಗೆ. ಈ ಊರಲ್ಲಿ ಒಂದು ಹಳೆಯ ಚರ್ಚನ್ನೇ 1999ರಲ್ಲಿ ಚಿತ್ರಮಂದಿರ ಮಾಡಿದ್ದಾರೆ. ಹೆಸರು ಯುಟೋಪಿಯಾ. ಕಲ್ಲಿನ ಕಮಾನಿನ ಕೆಳಗೆ ಕೂತು ಸಿನಿಮಾ ನೋಡಬಹುದು. ಥಿಯೇಟರೇ ದೇವಸ್ಥಾನ ಅಂತ ನಾವು ಬಾಯಲ್ಲಿ ಹೇಳ್ತೀವಿ, ಅವರು ಮಾಡಿಯೇ ತೋರಿಸಿದ್ದಾರೆ!

ವೈನಲ್ಲಿ ಚೊಗರಿನ ಒಗರು

ಈ ಸೀಮೆಯ ಒಡತಿ ಎಲಿನೋರ್ ಎಂಬಾಕೆ 1152ರಲ್ಲಿ ಹೆನ್ರಿಯನ್ನು ಮದುವೆಯಾದಳು. ಎರಡು ವರ್ಷಕ್ಕೆ ಅವನು ಇಂಗ್ಲೆಂಡಿನ ದೊರೆಯಾದ. ಅಲ್ಲಿಂದ 1453ರವರೆಗೆ, ಹತ್ತಿರ ಹತ್ತಿರ 300 ವರ್ಷ ಬೋರ್ಡೋ ಇಂಗ್ಲಿಷರ ಕೈಲಿತ್ತು. ಹಡಗು ಹಡಗು ವೈನು ಲಂಡನ್ನಿಗೆ ಹೋಯಿತು. ಒಂದು ಮದುವೆಯಿಂದ ಒಂದು ಊರಿನ ಕಸುಬೇ ಲೋಕಪ್ರಸಿದ್ಧವಾಯಿತು.

ನಮ್ಮ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಇದೆಯಲ್ಲ, ಅಲ್ಲೂ ಹಾಗೇ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ಹೆಸರಾಂತ ತೋಟಗಳ ಕೆಂಪು ವೈನುಗಳನ್ನು ಐದು ದರ್ಜೆ ಮಾಡಿದರು. ಆ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ಇಷ್ಟು ವರ್ಷದಲ್ಲಿ ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿದ್ದು ಒಂದೇ ತೋಟ, ಅದೂ 1973ರಲ್ಲಿ. ನಮ್ಮ ಗಾಂಧಿನಗರದಲ್ಲಿ ಶುಕ್ರವಾರಕ್ಕೊಬ್ಬ ಸೂಪರ್‌ಸ್ಟಾರ್ ಹುಟ್ಟುತ್ತಾನೆ!

‘ಕುಡಿದ್ಯಾ ಇಲ್ವಾ, ಅದು ಹೇಳು’ ಅಂತ ನೀವು ಕೇಳೋದು ಕೇಳಿಸ್ತಾ ಇದೆ. ಒಂದು ಗುಟುಕು ರುಚಿ ನೋಡಿದೆ. ಸಿಹಿಯಿರುತ್ತೆ ಅಂದುಕೊಂಡಿದ್ದೆ. ಇಲ್ಲ... ನಾಲಿಗೆ ಹಿಡಿದುಕೊಳ್ಳೋ ಒಗರು! ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಚೊಗರು ಇದೆಯಲ್ಲ, ಬಣ್ಣವೂ ಅದೇ, ಒಗರೂ ಅದೇ. ಎರಡರಲ್ಲೂ ಇರೋದು ಟ್ಯಾನಿನ್ ಎಂಬ ಒಂದೇ ಜಾತಿಯ ಪದಾರ್ಥ ಅಂತ ಅಳಿಯ ಹೇಳಿದ.

ಸರಿ, ಔಷಧಿಗೆ ಈ ಊರಿನ ಹೆಸರು ಹೇಗೆ ಬಂತು? ಅದೂ ಒಂದು ಸಿನಿಮಾ ಕತೆಯೇ. 1880ರ ಸುಮಾರಿಗೆ ಇಲ್ಲಿನ ದ್ರಾಕ್ಷಿ ಬಳ್ಳಿಗೆ ಬೂಜು ರೋಗ ಬಿದ್ದು ಎಲೆ ಉದುರತೊಡಗಿತು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರು ಮೆಡಾಕ್ ಕಡೆ ನಡೆದು ಹೋಗುತ್ತಿದ್ದಾಗ ನೋಡುತ್ತಾರೆ, ರಸ್ತೆ ಪಕ್ಕದ ಬಳ್ಳಿಗಳಲ್ಲಿ ಮಾತ್ರ ಎಲೆ ಗಟ್ಟಿಯಾಗಿ ನಿಂತಿದೆ! ವಿಚಾರಿಸಿದರೆ ತಿಳಿಯಿತು: ದಾರಿಹೋಕರು ಹಣ್ಣು ಕದಿಯುತ್ತಾರೆಂದು ತೋಟದವರು ಅಂಚಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೀಲಿ ಕಲೆ ನೋಡಿ ಕಳ್ಳರು ಹೆದರಲಿ ಅಂತ. ಕಳ್ಳನಿಗೆ ಇಟ್ಟ ಬೆದರುಬೊಂಬೆ ರೋಗವನ್ನೇ ಓಡಿಸಿತು! ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ಸಾರಿದರು.

ಅದು ನಮ್ಮ ಅಡಿಕೆ ತೋಟಕ್ಕೆ ಬಂದದ್ದು ಲೆಸ್ಲಿ ಕೋಲ್ಮನ್ ಎಂಬ ಪುಣ್ಯಾತ್ಮನಿಂದ. ಕೆನಡಾ ದೇಶದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಕೊಳೆರೋಗದ ಬೇರು ಹುಡುಕಿ 1910ರಲ್ಲಿ ವರದಿ ಬರೆದು, ಬೋರ್ಡೋ ಸಿಂಪಡಿಸಿ ಎಂದರು. ಅಲ್ಲಿಯವರೆಗೆ ಮಲೆನಾಡಿನವರು ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ನೂರು ವರ್ಷ ದಾಟಿದರೂ ಮದ್ದು ಅದೇ ಇದೆ.

ರೇಷ್ಮೆ ಟೋಪಿಯ ರೈತನ ಮಗ

ಈಗ ಬಂದೆ ನಮ್ಮ ಹೀರೋ ಹತ್ತಿರಕ್ಕೆ.

ಬೋರ್ಡೋದಿಂದ ಲೋಕಲ್ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಸೇಂ ಲೂಬೆಸ್ ಎಂಬ ಸಣ್ಣ ಊರು. 1883ರ ಡಿಸೆಂಬರ್ 16ರಂದು ಅಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ಗ್ಯಾಬ್ರಿಯಲ್ ಲ್ಯೂವಿಯೆಲ್. ಅಪ್ಪ ಅಮ್ಮ ದ್ರಾಕ್ಷಿ ಬೆಳೆಗಾರರು. ಆ ಕಾಲಕ್ಕೆ ಬೂಜು ಒಂದು ಕಡೆ, ಬೇರು ತಿನ್ನುವ ಫಿಲಾಕ್ಸೆರಾ ಎಂಬ ಹೇನು ಇನ್ನೊಂದು ಕಡೆ, ಫ್ರಾನ್ಸಿನ ದ್ರಾಕ್ಷಿ ತೋಟಗಳೇ ಒಣಗಿ ನಿಂತಿದ್ದವು. ಹುಡುಗನಿಗೆ ತೋಟ ಬೇಡ, ನಾಟಕ ಬೇಕು! ಬೋರ್ಡೋದ ರಂಗಶಾಲೆಗೆ ಸೇರಿದ, ಅಲ್ಲಿಂದ ಪ್ಯಾರಿಸ್ಸಿಗೆ ಹಾರಿದ, 1905ರಲ್ಲಿ ಪಾಥೆ ಕಂಪನಿಯ ಮೂಕಿ ಚಿತ್ರಗಳಿಗೆ ಬಂದ. ನಮ್ಮ ಮುತ್ತುರಾಜ ರಾಜಕುಮಾರ್ ಆದ ಹಾಗೆ, ಸಂಪತ್‌ಕುಮಾರ್ ವಿಷ್ಣುವರ್ಧನ್ ಆದ ಹಾಗೆ, ಗ್ಯಾಬ್ರಿಯಲ್ ಹೋಗಿ ಮ್ಯಾಕ್ಸ್ ಲಿಂಡರ್ ಆದ!

ರೇಷ್ಮೆ ಟೋಪಿ, ಕೋಟು, ಬೆತ್ತ, ಚೂಪು ಮೀಸೆ. ಹುಡುಗಿಯರ ಹಿಂದೆ ಬಿದ್ದು ಪೇಚಿಗೆ ಸಿಕ್ಕುವ ಶೋಕಿಲಾಲ. ಕತೆಯೂ ಅವನದೇ, ನಿರ್ದೇಶನವೂ ಅವನದೇ. ನಮ್ಮ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ತೆರೆಗೆ ತಂದದ್ದು 1913ರಲ್ಲಿ. ಅಷ್ಟರೊಳಗೆ ಮ್ಯಾಕ್ಸ್ ದೇಶದೇಶಗಳಲ್ಲಿ ಜನ ಮುತ್ತುವ ತಾರೆಯಾಗಿದ್ದ.

1914ರ ಯುದ್ಧ ಅವನ ಆರೋಗ್ಯ ಕೆಡಿಸಿತು. ಚಾಪ್ಲಿನ್ ಬಿಟ್ಟುಹೋದ ಅಮೆರಿಕದ ಕಂಪನಿಯೊಂದು ಇವನನ್ನು ಕರೆಸಿಕೊಂಡಿತು. ಆ ಚಿತ್ರಗಳು ಓಡಲಿಲ್ಲ. ಮತ್ತೆ ಅಮೆರಿಕಕ್ಕೆ ಹೋಗಿ 1921ರಲ್ಲಿ ‘ಸೆವೆನ್ ಇಯರ್ಸ್ ಬ್ಯಾಡ್ ಲಕ್’ ಮಾಡಿದ. ಅದರಲ್ಲಿ ಒಂದು ದೃಶ್ಯವಿದೆ. ಆಳುಗಳು ಯಜಮಾನನ ಕನ್ನಡಿ ಒಡೆದುಬಿಡುತ್ತಾರೆ. ಗೊತ್ತಾಗಬಾರದೆಂದು ಅಡುಗೆಯವನು ಯಜಮಾನನ ಹಾಗೇ ವೇಷ ಹಾಕಿಕೊಂಡು ಖಾಲಿ ಚೌಕಟ್ಟಿನ ಆಚೆ ನಿಂತು, ಯಜಮಾನ ಮಾಡಿದ್ದನ್ನೆಲ್ಲ ಮಾಡುತ್ತಾನೆ! ನೂರು ವರ್ಷದಿಂದ ಎಲ್ಲ ದೇಶದವರೂ ಕದ್ದ ದೃಶ್ಯ. ನೋಡಿದ ಕೂಡಲೇ ‘ಅರೆ, ಇದನ್ನ ಎಲ್ಲೋ ನೋಡಿದೀನಲ್ಲ’ ಅಂತೀರಿ.

ಆದರೆ ನಗಿಸಿದವನ ಮನಸ್ಸಿನೊಳಗೆ ಕತ್ತಲೆ ತುಂಬಿತ್ತು. 1925ರಲ್ಲಿ ಮ್ಯಾಕ್ಸ್ ಮತ್ತು ಅವನ ಚಿಕ್ಕ ವಯಸ್ಸಿನ ಹೆಂಡತಿ ಪ್ಯಾರಿಸ್ಸಿನಲ್ಲಿ ಪ್ರಾಣ ಬಿಟ್ಟರು. ಅವನಿಗೆ 41 ವರ್ಷ. ಮಗಳು ಮೋಡ್‌ಗೆ ಆಗ 16 ತಿಂಗಳು. ಜಗತ್ತು ಮ್ಯಾಕ್ಸನನ್ನು ಮರೆಯಿತು. ಎಷ್ಟೋ ಚಿತ್ರಗಳು ಕಳೆದೇ ಹೋದವು.

ಅಪ್ಪನ ಮುಖ ನೆನಪಿಲ್ಲದ ಆ ಮಗಳು ಅಪ್ಪನನ್ನು ಕಂಡದ್ದು ತೆರೆಯ ಮೇಲೆ ಮಾತ್ರ. ಬೆಳೆದು ದೊಡ್ಡವಳಾಗಿ ರೀಲುಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದಳು. 1963ರಲ್ಲಿ ಒಂದು, 1983ರಲ್ಲಿ ಇನ್ನೊಂದು, ಅಪ್ಪನ ಮೇಲೆ ಎರಡು ಚಿತ್ರ ಮಾಡಿದಳು. 2017ರಲ್ಲಿ ತೀರಿಕೊಂಡಳು. ಇವತ್ತು ಮ್ಯಾಕ್ಸ್ ಹೆಸರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಮಂದಿರವಿದೆ, ಹತ್ತಿರದ ಲಿಬೂರ್ನ್ ಊರಲ್ಲಿ ಹೈಸ್ಕೂಲಿದೆ. ಅಪ್ಪನನ್ನು ಮಕ್ಕಳು ಹುಡುಕಿಕೊಂಡು ಹೋಗೋದು ಅಂದರೆ ಇದು!

‘ಅವರಪ್ಪನ ತೋಟ?’

ಸಮಾಧಿಯ ಮುಂದೆ ನಿಂತಾಗ ನನಗೆ ನನ್ನ ಕತೆಯೇ ನೆನಪಾಯಿತು. ಹೇಳದೆ ಇದ್ದರೆ ಈ ಬರಹ ಅರ್ಧ ಸುಳ್ಳಾಗುತ್ತೆ.

ನಮ್ಮಪ್ಪನಿಗೆ ಸಿನಿಮಾ ಅಂದರೆ ಒಂದೇ, 1972ರ ‘ಬಂಗಾರದ ಮನುಷ್ಯ’. ದಾವಣಗೆರೆಗೆ ಹೋಗಿ ನಾಲ್ಕು ಸಲ ನೋಡಿದ್ದ. ಓದಿದ ರಾಜೀವ ಹಳ್ಳಿಗೆ ಬಂದು ಬಂಜರು ನೆಲದಲ್ಲಿ ಬಂಗಾರ ಬೆಳೆದದ್ದು ಅವನಿಗೆ ಕತೆಯಲ್ಲ, ವೇದ. ಅಂಥ ಅಪ್ಪನ ಮಗ ನಾನು 1988ರಲ್ಲಿ, ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಐನೂರು ರೂಪಾಯಿ ಎತ್ತಿಕೊಂಡು, ರಾತ್ರಿ ಬಸ್ಸು ಹತ್ತಿ ಗಾಂಧಿನಗರಕ್ಕೆ ಓಡಿಹೋದೆ. ಹೀರೋ ಆಗಲಿಲ್ಲ. ಗುಂಪಿನಲ್ಲಿ ಗೋವಿಂದನಾಗಿ ನಿಂತೆ, ನಿರ್ದೇಶಕರ ಕೊಡೆ ಹಿಡಿದೆ, ಕೊನೆಗೆ ಸಿನಿಮಾ ಪುಟಗಳಿಗೆ ಬರೆಯುವವನಾದೆ. ತೋಟ ನೋಡಿಕೊಂಡದ್ದು ನನ್ನ ತಮ್ಮ. ಊರಿಗೆ ಹೋದಾಗಲೆಲ್ಲ ಅಪ್ಪ ‘ಊಟ ಮಾಡು’ ಅಂತಿದ್ದ. ಆ ಐನೂರು ರೂಪಾಯಿ ವಿಷಯ ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಸಮಾಧಿಯಿಂದ ಹೊರಗೆ ಬಂದೆವು. ದಾರಿ ಪಕ್ಕ ದ್ರಾಕ್ಷಿ ಕೊಯ್ಲು ನಡೆದಿತ್ತು. ಇನ್ನೊಂದು ಮಗ್ಗುಲಲ್ಲಿ ಬಳ್ಳಿಯನ್ನೇ ಕಿತ್ತು ಬೋಳಾದ ಹೊಲ. ವೈನು ಕುಡಿಯೋರು ಕಡಿಮೆಯಾಗಿ ಬೆಲೆ ಬಿದ್ದು, 2023ರಲ್ಲಿ ಸರ್ಕಾರವೇ ಪರಿಹಾರ ಕೊಟ್ಟು ಬೋರ್ಡೋ ಸೀಮೆಯಲ್ಲಿ ಸಾವಿರಾರು ಹೆಕ್ಟೇರ್ ಬಳ್ಳಿ ಕೀಳಿಸುವ ಯೋಜನೆ ತಂತು ಅಂತ ಅಳಿಯ ಹೇಳಿದ. ಆ ಬೋಳು ಹೊಲದ ಮುಂದೆ ನಿಂತೇ ಊರಿಗೆ ವಿಡಿಯೋ ಫೋನು ಹಚ್ಚಿದೆ. ತಮ್ಮ ಎತ್ತಿ ಅಪ್ಪನ ಕೈಗೆ ಕೊಟ್ಟ.

‘ಅಪ್ಪಾ, ಬೋರ್ಡೋ ಅಂತೀವಲ್ಲ, ಅದು ಔಷಧಿ ಹೆಸರಲ್ಲ ಕಣಪ್ಪಾ, ಒಂದು ಊರು! ಅಲ್ಲೇ ಇದೀನಿ ನೋಡು.’

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ‘ಹಂಗಾದ್ರೆ ಅಲ್ಲೂ ಕೊಳೆ ಬರುತ್ತೇನಲೇ?’

‘ದ್ರಾಕ್ಷಿಗೆ ಬರುತ್ತಪ್ಪಾ.’

‘ಪಾಪ’ ಅಂದ.

ಮ್ಯಾಕ್ಸ್ ಲಿಂಡರ್ ಕತೆ ಹೇಳಿದೆ. ರೈತನ ಮಗ, ತೋಟ ಒಲ್ಲೆ ಅಂದದ್ದು, ಪ್ಯಾರಿಸ್ಸಿಗೆ ಹೋದದ್ದು, ಲೋಕವೇ ಮೆಚ್ಚಿದ್ದು... ಎಲ್ಲ ಕೇಳಿದ. ಆಮೇಲೆ ಮೆಲ್ಲಗೆ ಕೇಳಿದ:

‘ಅವನು ಹೋದ ಮ್ಯಾಗೆ ಅವರಪ್ಪನ ತೋಟ ಯಾರು ನೋಡ್ಕಂಡ್ರಂತೆ?’

ಆ ಪ್ರಶ್ನೆ ಮ್ಯಾಕ್ಸ್‌ನ ಅಪ್ಪನದಲ್ಲ ಅಂತ ನನಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಯಿತು. ‘ಫೋನು ಬಾಳ ಹೊತ್ತು ಆತು, ದುಡ್ಡು ಹೋಗುತ್ತೆ, ಇಡು’ ಅಂದ.

ದೀಪಾವಳಿಗೆ ಊರಿಗೆ ಹೋದೆ. ರಾತ್ರಿ ಜಗಲಿಯಲ್ಲಿ ಕೂತು ಆ ಕನ್ನಡಿ ದೃಶ್ಯವನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಮೂಕಿ ಚಿತ್ರ, ಭಾಷೆಯ ಗೋಳಿಲ್ಲ. ಅಪ್ಪ ನಕ್ಕ... ಕೆಮ್ಮು ಬರುವಷ್ಟು ನಕ್ಕ! ‘ಇನ್ನೊಂದ್ಸಲ ಹಾಕು’ ಅಂದ. ಮೂರು ಸಲ ಹಾಕಿಸಿದ. ಕೊನೆಗೆ ಕಣ್ಣೊರೆಸಿಕೊಂಡು, ‘ಅವನು ಹೋಗಿದ್ದೂ ಸುಳ್ಳಲ್ಲ ಬಿಡು’ ಅಂದ.

ಅಷ್ಟೇ. 1988ರಿಂದ ಕಾದಿದ್ದ ಮಾತು ಅದೇ ಇರಬೇಕು.

ಗೆಳೆಯರೇ, ಸಿನಿಮಾ ಹುಚ್ಚಿಗೆ ಬಸ್ಸು ಹತ್ತಬೇಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಹತ್ತುವ ಮುಂಚೆ ಮನೆಯಲ್ಲೊಂದು ಮಾತು ಹೇಳಿ ಹತ್ತಿ. ಬೋರ್ಡೋಗೆ ಹೋಗೋಕಾಗದಿದ್ದರೆ ದಾವಣಗೆರೆಯಿಂದ ಸಂತೇಬೆನ್ನೂರಿನ ಬಸ್ಸು ಹಿಡಿದು ನಮ್ಮ ಹೊಂಡ ನೋಡಿ ಬನ್ನಿ. ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಮ್ಯಾಕ್ಸ್ ಲಿಂಡರ್ ಚಿತ್ರ ಹಾಕಿ, ಚಾಪ್ಲಿನ್ ಸುಮ್ಮನೆ ಗುರು ಅನ್ನಲಿಲ್ಲ ಅಂತ ಒಪ್ಪುತ್ತೀರಿ.

ಈ ಸಲ ಜೂನಿನಲ್ಲಿ ಮಳೆ ಜೋರಾಗಿ ಶುರುವಾಯಿತು. ತಮ್ಮ ಫೋನು ಮಾಡುವ ಮೊದಲೇ ನಾನು ಊರಲ್ಲಿದ್ದೆ. ಡ್ರಮ್ಮಿನ ಮುಂದೆ ಕೂತು, ಅಪ್ಪ ಕುರ್ಚಿಯಿಂದ ಹೇಳಿದ ಹಾಗೆ ಸುಣ್ಣಕ್ಕೆ ಮೈಲುತುತ್ತ ಸುರಿದು ಕೋಲಿನಿಂದ ತಿರುಗಿಸಿದೆ. ಅದೇ ನೀಲಿ. ಕುಡುಗೋಲು ಅದ್ದಿ ಎತ್ತಿ ಅಪ್ಪನಿಗೆ ತೋರಿಸಿದೆ. ಅಲಗಿಗೆ ಕೆಂಪು ಹತ್ತಿರಲಿಲ್ಲ.

‘ಸರಿಯಾಗೈತೆ’ ಅಂದ.